ಹನ್ನೊಂದು ದೋಣಿ, ಎರಡು ಗಾಳಿಚೀಲ

ಮೇ 3, ಶನಿವಾರ

ಇದು ಆಸ್ಪತ್ರೆಯಲ್ಲಿ ಇವರ ಗುಳಿಗೆಯ ಹೊತ್ತು ಬರೆದಿಡಲು ಕೊಂಡ ನೋಟ್‌ಬುಕ್. ಮೊದಲ ಆರು ಪುಟಗಳ ತುಂಬ ಗುಳಿಗೆಗಳ ಹೆಸರುಗಳೇ ಇವೆ. ಏಳನೆಯ ಪುಟದಿಂದ ನನ್ನದನ್ನು ಬರೆಯುತ್ತೇನೆ. ನಿನ್ನೆ ಆದದ್ದನ್ನು ಎಲ್ಲಾದರೂ ಇಳಿಸಿಡಬೇಕು, ಮನೆಯಲ್ಲಿ ಹೇಳುವಂತಿಲ್ಲ.

ಇವರ ಬೆನ್ನಿನ ಆಪರೇಶನ್ ಆಗಿ ಹದಿನೈದು ದಿನವಾಯಿತು. ಬೆನ್ನುಮೂಳೆಯ ನಡುವಿನ ಗಾದಿ ಜಾರಿ ನರ ಒತ್ತಿತ್ತಂತೆ. ಐದು ವಾರ ಕೂರುವಂತಿಲ್ಲ, ಗಾಡಿ ಓಡಿಸುವ ಮಾತನ್ನು ಆಗಸ್ಟ್ ತನಕ ಎತ್ತುವಂತಿಲ್ಲ ಎಂದಿದ್ದಾರೆ ಡಾಕ್ಟರು. ಆದರೆ ನಮ್ಮ ಕೆಲಸ ಇರುವುದೇ ಮೇ ತಿಂಗಳಲ್ಲಿ. ಮಳೆ ಹಿಡಿಯುವ ಮೊದಲು ಬೊಗ್ಮಾಳೊ ಬೀಚಿನ ದೋಣಿಗಳನ್ನು ಎರಡು ಗಾಲಿಯ ಟ್ರಾಲಿಯ ಮೇಲೆ ಹೇರಿ, ಪಿಕಪ್ ಹಿಂದೆ ಕಟ್ಟಿ, ದಾಬೋಳಿಯ ಗುಡ್ಡ ಹತ್ತಿಸಿ, ಆಚೆ ಚಿಖಲಿಯಲ್ಲಿ ನದಿ ದಂಡೆಯ ಯಾರ್ಡಿಗೆ ಇಳಿಸಬೇಕು. ಮುರ್ಮುಗಾಂವ್ ಬಂದರಿನ ಕೂಲಿ ಬಿಟ್ಟ ಮೇಲೆ ಒಂಬತ್ತು ವರ್ಷದಿಂದ ಇವರು ಮಾಡುತ್ತಿರುವುದು ಅದನ್ನೇ. ಈ ವರ್ಷ ಹನ್ನೊಂದು ದೋಣಿಗೆ ಮಾತು ಕೊಟ್ಟಿದ್ದರು. ಹೆಚ್ಚಿನವು ಬೊಸ್ತ್ಯಾಂವ್‌ನವು, ಪ್ರವಾಸಿಗಳನ್ನು ಸಮುದ್ರದ ಮೇಲೆ ಸುತ್ತಿಸುವ ದೋಣಿಗಳು.

ಕುಂಡಯಿಯಲ್ಲಿ ಕಂಪನಿ ಗಾಡಿ ಓಡಿಸುವ ಶಿವಲಿಂಗನನ್ನು ಕರೆಸುತ್ತೇನೆ ಎಂದರು ಇವರು. ನಾನೇ ಓಡಿಸುತ್ತೇನೆ ಅಂದೆ. ಮೂರು ವರ್ಷದಿಂದ ಇವರ ಗಾಡಿಯಲ್ಲೇ ವಾಸ್ಕೋದ ಖಾನಾವಳಿಗಳಿಗೆ ರೊಟ್ಟಿ ಹಂಚುತ್ತಿದ್ದೇನೆ, ಲೈಸನ್ಸೂ ಇದೆ. ರೊಟ್ಟಿ ಬುಟ್ಟಿ ಬೇರೆ, ದೋಣಿ ಬೇರೆ ಎಂದು ಗೋಡೆ ಕಡೆ ಮುಖ ಮಾಡಿ ಮಲಗಿದರು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ನಿನ್ನೆ ಮೊದಲ ದೋಣಿ ಎಳೆದೆ. ಟ್ರಾಲಿಯ ಕೊಂಡಿ ಸಿಕ್ಕಿಸಿದ ಕೂಡಲೇ ಗಾಡಿಯ ಹಿಂಭಾಗ ನಾಯಿ ಕುಂಡೆಯೂರಿ ಕೂತಂತೆ ಕೂತುಬಿಟ್ಟಿತು. ಮುಂಭಾಗ ಎದ್ದಿತು. ಏರಿನಲ್ಲಿ ಸ್ಟೇರಿಂಗ್ ಹಗುರಾಯಿತು. ಎಷ್ಟು ಹಗುರ ಎಂದರೆ, ಎಡಕ್ಕೆ ತಿರುಗಿಸಿದರೂ ಗಾಡಿಗೆ ಅದು ತಿಳಿದಂತೆಯೇ ಇರಲಿಲ್ಲ. ಎದುರಿಗೆ ಬಂದ ಟ್ಯಾಕ್ಸಿಯವನು ಹಾರ್ನ್ ಒತ್ತುತ್ತಲೇ ದಾಟಿ ಹೋದ. ದೋಣಿ ಮುಟ್ಟಿಸಿ, ಯಾರ್ಡಿನ ಗೇಟಿನಲ್ಲಿ ಗಾಡಿ ನಿಲ್ಲಿಸಿ, ಬಹಳ ಹೊತ್ತು ಸ್ಟೇರಿಂಗ್ ಹಿಡಿದೇ ಕೂತಿದ್ದೆ.

ಮನೆಗೆ ಬಂದ ಮೇಲೆ ಹೇಗಾಯಿತು ಎಂದು ಇವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮೇ 6, ಮಂಗಳವಾರ

ಮಡಗಾಂವಿಗೆ ಹೋಗಿ ಪರ್ವೇಜನ ಗ್ಯಾರೇಜಿನಲ್ಲಿ ತೋರಿಸಿದೆ. ಅವನು ಮುದ್ದೇಬಿಹಾಳದ ಕಡೆಯವನು, ನಮ್ಮ ಮಾತು ಆಡುತ್ತಾನೆ, ಅದೇ ಒಂದು ಧೈರ್ಯ. ಗಾಡಿ ಕೆಳಗೆ ಮಲಗಿ ನೋಡಿದ. ಹಿಂದಿನ ಅಚ್ಚಿನ ಮೇಲೆ ಒಂದರ ಮೇಲೊಂದು ಕೂತ ಉಕ್ಕಿನ ಪಟ್ಟಿಗಳಿವೆಯಲ್ಲ, ಪಾಟಾ ಅನ್ನುತ್ತಾರೆ, ಅವೇ ಭಾರ ಹೊರುವುದು. ಎರಡು ವರ್ಷದ ಹಿಂದೆ ಹಿಂಭಾಗ ಕೂರುತ್ತದೆ ಎಂದು ಇವರು ಎರಡೂ ಕಡೆ ಒಂದೊಂದು ಹೆಚ್ಚಿನ ಪಾಟಾ ಹಾಕಿಸಿದ್ದರು. ಆಮೇಲೆ ದೋಣಿ ಹಿಂದಿದ್ದಾಗ ಸ್ವಲ್ಪ ವಾಸಿಯಾಯಿತು, ಆದರೆ ಖಾಲಿ ಇದ್ದಾಗ ಸಣ್ಣ ಗುಂಡಿಗೂ ಗಾಡಿ ಎತ್ತಿ ಒಗೆಯತೊಡಗಿತು. ವರ್ಷದಲ್ಲಿ ಹನ್ನೊಂದು ತಿಂಗಳು ಗಾಡಿ ಓಡುವುದು ಖಾಲಿ, ಇಲ್ಲವೇ ಹಗುರಾದ ಸಾಮಾನು ಹೊತ್ತು.

ಇವರ ಬೆನ್ನು ನೋಯತೊಡಗಿದ್ದು ಯಾವಾಗಿನಿಂದ ಎಂದು ಲೆಕ್ಕ ಹಾಕಿದೆ. ಅದನ್ನು ಇಲ್ಲಿ ಮಾತ್ರ ಬರೆಯಬಲ್ಲೆ.

ಇನ್ನೊಂದು ಪಾಟಾ ಹಾಕಬಹುದು, ಇಲ್ಲವೇ ಏರ್‌ಬ್ಯಾಗ್ ಹಾಕಬಹುದು ಎಂದ ಪರ್ವೇಜ. ಏರ್‌ಬ್ಯಾಗ್ ಅಂದರೆ ಅಪಘಾತವಾದಾಗ ಸ್ಟೇರಿಂಗಿನಿಂದ ಉಬ್ಬಿ ಬರುವುದು ಎಂದಷ್ಟೇ ನನಗೆ ಗೊತ್ತಿತ್ತು. ಅವನು ನಕ್ಕು ಒಳಗಿನಿಂದ ಒಂದನ್ನು ತಂದು ಮೇಜಿನ ಮೇಲಿಟ್ಟ. ದಪ್ಪ ಕಪ್ಪು ರಬ್ಬರಿನದು, ಎರಡು ದೊಡ್ಡ ವಡೆಗಳನ್ನು ಒಂದರ ಮೇಲೊಂದು ಇಟ್ಟಂತಿತ್ತು. ಅಚ್ಚು ಮತ್ತು ಚಾಸಿಯ ನಡುವೆ ಎರಡೂ ಕಡೆ ಒಂದೊಂದನ್ನು ಬೋಲ್ಟು ಹಾಕಿ ಕೂರಿಸುತ್ತಾನೆ. ಅದರಿಂದ ಸಣ್ಣ ನಳಿಕೆ ಹಿಂದಿನ ನಂಬರ್ ಪ್ಲೇಟಿನ ತನಕ ಬರುತ್ತದೆ. ಟಾಯರಿಗೆ ಹಾಕಿದಂತೆ ಅಲ್ಲಿಂದ ಗಾಳಿ ಹಾಕುವುದು. ದೋಣಿ ಕಟ್ಟಿದಾಗ ಹೆಚ್ಚಿಸಬೇಕು, ಬಿಚ್ಚಿದಾಗ ಇಳಿಸಬೇಕು, ಆದರೆ ಪೂರ್ತಿ ಖಾಲಿ ಮಾಡಬಾರದು.

“ಒಂದ ಮಾತ ನೆನಪಿಡ್ರಿ ಅಕ್ಕಾರ,” ಎಂದ. “ಇದು ಗಾಡಿನ ಮಟ್ಟಸ ಮಾಡತೈತಿ. ಗಾಡಿ ತಾಕತ್ತ ಹೆಚ್ಚ ಮಾಡಂಗಿಲ್ಲ.”

ಹೂಂ ಎಂದೆ. ಇವರನ್ನು ಕೇಳಿ ಹೇಳುತ್ತೇನೆ ಎಂದು ಬಂದೆ.

ಮೇ 7, ಬುಧವಾರ

ಕೇಳಿದೆ. ಇನ್ನೊಂದು ಪಾಟಾ ಹಾಕಿಸು, ಗಾಳಿ ಮೇಲೆ ದೋಣಿ ಹೊತ್ತವರನ್ನು ನಾನು ಕಂಡಿಲ್ಲ ಎಂದರು. ಖಾಲಿ ಗಾಡಿ ಕುಕ್ಕುತ್ತದೆ ಎಂದೆ. ಗಾಡಿ ಅಂದಮೇಲೆ ಕುಕ್ಕುತ್ತದೆ ಎಂದರು.

ಪಕ್ಕದ ಮನೆಯ ಚಂದವ್ವ ಮಜ್ಜಿಗೆ ತಂದಿದ್ದಳು. ನಾನು ಹೊರಗೆ ಹೋದಾಗ ಇವರನ್ನು ನೋಡಿಕೊಳ್ಳುವವಳು ಅವಳೇ. ಅವಳೆದುರು ಮಾತು ಬೆಳೆಸಲಿಲ್ಲ.

ಮೇ 9, ಶುಕ್ರವಾರ

ಹಾಕಿಸಿದೆ.

ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟು ಸಂಜೆ ನಾಲ್ಕಕ್ಕೆ ಗಾಡಿ ತೆಗೆದುಕೊಂಡೆ. ಹೆಚ್ಚಿನ ಎರಡು ಪಾಟಾಗಳನ್ನು ಪರ್ವೇಜ ಬಿಚ್ಚಿದ. ಎಲ್ಲ ಕೂರಿಸಿ ಗಾಳಿ ಹಾಕಿ, ನಳಿಕೆಯ ಪ್ರತಿ ಜೋಡಣೆಗೂ ಸಾಬೂನಿನ ನೊರೆ ಹಚ್ಚಿದ. ಗುಳ್ಳೆ ಎದ್ದರೆ ಗಾಳಿ ಸೋರುತ್ತಿದೆ ಎಂದು ಅರ್ಥ. ಎಡಗಡೆ ಒಂದು ಗುಳ್ಳೆ ಎದ್ದಿತು, ಬಿಗಿ ಮಾಡಿದ. ನಾನೂ ಮೊಣಕಾಲೂರಿ ಬಗ್ಗಿ ನೋಡಿದೆ. ಗ್ಯಾರೇಜಿನವರೆಲ್ಲ ನನ್ನನ್ನೇ ನೋಡುತ್ತಿದ್ದರು, ಮೊದಮೊದಲು.

ಹಳೆಯ ಪಾಟಾಗಳನ್ನು ಗುಜರಿಗೆ ಹಾಕಲೇ ಎಂದು ಕೇಳಿದ. ಬೇಡ ಎಂದು ಮನೆಗೆ ತಂದು ಬಾಗಿಲ ಹಿಂದೆ ಒರಗಿಸಿಟ್ಟೆ. ಯಾಕೆ ತಂದೆನೋ ಗೊತ್ತಿಲ್ಲ. ಇವರು ಮಲಗಿದಲ್ಲಿಂದ ಅವು ಕಾಣುತ್ತವೆ. ನೋಡಿದರು. ಊಟ ಬೇಡ ಎಂದರು.

ಮೇ 10, ಶನಿವಾರ

ಎರಡನೆಯ ದೋಣಿ.

ಬ್ಲೌಸ್ ಹೊಲಿಯುವ ಟೇಪು ತೆಗೆದುಕೊಂಡು ಹೋಗಿದ್ದೆ. ಪರ್ವೇಜ ಹೇಳಿಕೊಟ್ಟಂತೆ ಚಕ್ರದ ಮೇಲಿರುವ ಮಡ್‌ಗಾರ್ಡಿನ ಅಂಚಿನಿಂದ ನೆಲದ ತನಕ ಅಳೆದೆ. ಖಾಲಿ ಇದ್ದಾಗ ಮುಂದೆ ಎಂಬತ್ತನಾಲ್ಕು ಸೆಂಟಿಮೀಟರ್, ಹಿಂದೆ ತೊಂಬತ್ತೊಂದು. ಟ್ರಾಲಿ ಸಿಕ್ಕಿಸಿದ ಮೇಲೆ ಮುಂದೆ ಎಂಬತ್ತೆಂಟು, ಹಿಂದೆ ಎಂಬತ್ತು. ಕಾಲಿನ ಪಂಪಿನಿಂದ ಗಾಳಿ ತುಂಬಿದೆ. ಹಿಂಭಾಗ ನಿಧಾನವಾಗಿ ಏಳುವುದನ್ನು ನೋಡುವುದೇ ಒಂದು ಚೆಂದ. ಮುಂಭಾಗ ಎಂಬತ್ತೈದಕ್ಕೆ ಇಳಿದಾಗ ನಿಲ್ಲಿಸಿದೆ. ಹಿಂದೆ ಎಂಬತ್ತೇಳಾಗಿತ್ತು. ಹಿಂದಿನದನ್ನು ಪೂರ್ತಿ ಎತ್ತುವ ಆಸೆ ಬೇಡ, ಮುಂದಿನದು ತನ್ನ ಜಾಗಕ್ಕೆ ಬಂದರೆ ಸಾಕು ಎಂದಿದ್ದ ಪರ್ವೇಜ.

ಗುಡ್ಡದ ಏರಿನಲ್ಲಿ ಸ್ಟೇರಿಂಗ್ ಕೈಯಲ್ಲೇ ಇತ್ತು. ತಿರುಗಿಸಿದರೆ ಗಾಡಿ ತಿರುಗಿತು. ಇಷ್ಟನ್ನು ಬರೆಯಲು ಇಷ್ಟು ಸಂತೋಷವಾಗುತ್ತದೆ ಎಂದು ಯಾರಿಗೆ ಹೇಳಲಿ.

ಸಂಜೆ ಟೇಪು ಪೆಟ್ಟಿಗೆಯಲ್ಲಿಡುವಾಗ ಹಾಸಿಗೆಯಿಂದ ಇವರು ಕೇಳಿದರು:

“ಮುಂದಿಂದ ಎಷ್ಟ ಎದ್ದಿತ್ತು?”

“ನಾಕು. ಗಾಳಿ ಹಾಕಿದ ಮ್ಯಾಲ ಒಂದು.”

ಆ ರಾತ್ರಿ ಎರಡು ರೊಟ್ಟಿ ಉಂಡರು.

ಮೇ 13, ಮಂಗಳವಾರ

ನಿನ್ನೆ ಎರಡು, ಇವತ್ತು ಎರಡು. ಸಿಕ್ಕಾಪಟ್ಟೆ ಸೆಕೆ. ಸಮುದ್ರದ ಮೇಲೆ ಮೋಡ ಕಟ್ಟುತ್ತಿದೆ, ಈ ವರ್ಷ ಮಳೆ ಬೇಗ ಎಂದು ಎಲ್ಲರೂ ಹೇಳುತ್ತಿದ್ದಾರೆ.

ಇವರು ಈಗ ದಿನಾ ಅಳತೆ ಕೇಳುತ್ತಾರೆ. ಚಂದವ್ವನ ಮುಂದೆ ಗಾಳಿಚೀಲದ ವಿಷಯವನ್ನು ತಾವೇ ವಿವರಿಸುತ್ತಿದ್ದುದು ಹೊರಗೆ ಪಾತ್ರೆ ತೊಳೆಯುತ್ತಿದ್ದ ನನಗೆ ಕೇಳಿಸಿತು. ಅರ್ಧ ತಪ್ಪು ಹೇಳಿದರು. ತಿದ್ದಲಿಲ್ಲ.

ಮೇ 16, ಶುಕ್ರವಾರ

ಎಂಟಾಯಿತು. ಯಾರ್ಡಿನಲ್ಲಿ ಟ್ರಾಲಿಯನ್ನು ಹಿಂದಕ್ಕೆ ಒಂದೇ ಸಲಕ್ಕೆ ಹಾಕಿದೆ. ಕಾವಲುಗಾರ ಎದ್ದು ನಿಂತು ನೋಡಿದ.

ಮೇ 20, ಮಂಗಳವಾರ

ಹನ್ನೊಂದರಲ್ಲಿ ಹತ್ತು ಮುಗಿದವು. ಉಳಿದದ್ದು ಬೊಸ್ತ್ಯಾಂವ್‌ನ ಒಂದು ಚಿಕ್ಕ ದೋಣಿ.

ಆದರೆ ಅವನಿಗೆ ಒಂದು ದೊಡ್ಡ ದೋಣಿಯೂ ಇದೆ, ಡಾಲ್ಫಿನ್ ತೋರಿಸಲು ಇಪ್ಪತ್ತು ಜನರನ್ನು ಕೂರಿಸಿಕೊಂಡು ಹೋಗುವುದು, ಎರಡು ಎಂಜಿನ್ ಇರುವುದು. ಅದಕ್ಕೆ ಟ್ರ್ಯಾಕ್ಟರ್ ತರಿಸು ಎಂದು ಇವರು ಪ್ರತಿ ವರ್ಷ ಹೇಳುತ್ತಿದ್ದರು. ಯಾಕೆ ಎಂದು ಕೇಳಿದರೆ, ಅದು ಟ್ರ್ಯಾಕ್ಟರಿನ ಕೆಲಸ ಎನ್ನುವುದು ಬಿಟ್ಟು ಬೇರೆ ಉತ್ತರವಿಲ್ಲ. ಇವತ್ತು ಬೊಸ್ತ್ಯಾಂವ್ ಬಂದು, ಈ ವಾರ ಟ್ರ್ಯಾಕ್ಟರಿಗೆ ಎಲ್ಲರ ಕರೆ ಇದೆ, ಸಮುದ್ರ ಏಳುತ್ತಿದೆ, ಹೊಸ ಸಸ್ಪೆನ್ಶನ್ ಹಾಕಿಸಿದ್ದೀಯಲ್ಲ ಬಾಯ್, ನಾಳೆ ಅದನ್ನು ಎಳೆದುಕೊಡು ಎಂದ. ಅವನ ಹಿಂದಿಯಲ್ಲಿ ಅರ್ಧ ಕೊಂಕಣಿ, ಹೆಂಗಸರೆಲ್ಲ ಅವನಿಗೆ ಬಾಯ್.

ಆಗಲಿ ಎಂದೆ. ನನ್ನ ಗಾಡಿ ಈಗ ಹಿಂದಿನದಲ್ಲ. ಮನೆಯಲ್ಲಿ ನಾಳೆ ಕೊನೆಯ ದೋಣಿ ಎಂದು ಹೇಳಿದೆ. ಯಾವುದು ಎಂದು ಹೇಳಲಿಲ್ಲ.

ಮೇ 21, ಬುಧವಾರ

ಎಲ್ಲರೂ ಕ್ಷೇಮ. ಅದನ್ನೇ ಮೊದಲು ಬರೆಯುತ್ತೇನೆ.

ಮೇ 22, ಗುರುವಾರ

ಇವತ್ತು ಬರೆಯಬಲ್ಲೆ.

ದೊಡ್ಡ ದೋಣಿಯ ಟ್ರಾಲಿ ಸಿಕ್ಕಿಸಿದಾಗ ಹಿಂಭಾಗ ಎಪ್ಪತ್ತನಾಲ್ಕಕ್ಕೆ ಕೂತಿತು. ಅಷ್ಟು ಹಿಂದೆಂದೂ ಕೂತಿರಲಿಲ್ಲ. ಅಲ್ಲೇ ಬಿಡಬೇಕಿತ್ತು. ನಾನು ಗಾಳಿ ತುಂಬುತ್ತ ಹೋದೆ. ಎಂದಿನ ಎರಡರಷ್ಟು ತುಂಬಿದ ಮೇಲೆ ಹಿಂಭಾಗ ಎಂಬತ್ತಾರಕ್ಕೆ ಬಂತು, ಮುಂಭಾಗ ಎಂಬತ್ತೈದು. ಟೇಪಿನ ಪ್ರಕಾರ ಎಲ್ಲ ಸರಿ. ಕಣ್ಣಿಗೂ ಎಲ್ಲ ಸರಿ. ಗಾಡಿ ನೀರಿನ ಮಟ್ಟದ ಹಾಗೆ ನಿಂತಿತ್ತು.

ಏರು ಹತ್ತಿತು, ಮೊದಲ ಗೇರಿನಲ್ಲಿ ನರಳುತ್ತ. ವಿಮಾನ ನಿಲ್ದಾಣ ದಾಟಿದಾಗ ಮಳೆ ಶುರುವಾಯಿತು, ಈ ವರ್ಷದ ಮೊದಲ ಜೋರು ಮಳೆ. ಚಿಖಲಿಯ ಇಳಿಜಾರು ಹಿಡಿದೆ. ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದೆ. ಗಾಡಿ ನಿಧಾನವಾಯಿತು, ಟ್ರಾಲಿ ಆಗಲಿಲ್ಲ. ಹಿಂದಿನಿಂದ ಯಾರೋ ಬೆನ್ನಿಗೆ ಕೈಯಿಟ್ಟು ತಳ್ಳಿದಂತೆ ಮುಂದಕ್ಕೆ ಬಂತು. ಇನ್ನೂ ಜೋರಾಗಿ ಒತ್ತಿದೆ. ಗಾಲಿಗಳು ನೀರಿನ ಮೇಲೆ ಜಾರಿದವು. ಕೆಳಗೆ ಎಡಕ್ಕೆ, ಪೈಪು ಹೂಳಲು ರಸ್ತೆ ಅಗೆಯುವ ಹೆಂಗಸರು ನೀಲಿ ತಾಡಪಾಲಿನ ಕೆಳಗೆ ಸೇರಿದ್ದರು. ನಾಲ್ಕು ಜನ. ಒಬ್ಬಾಕೆಯ ಕೈಯಲ್ಲಿ ತಟ್ಟೆ ಇತ್ತು. ಅಷ್ಟೂ ಕಂಡಿತು.

ಒತ್ತುವುದನ್ನು ಬಿಟ್ಟು ಎರಡನೆಯ ಗೇರಿನಿಂದ ಒಂದಕ್ಕೆ ಎಳೆದೆ. ಎಂಜಿನ್ ಕಿರುಚಿತು. ಸ್ಟೇರಿಂಗನ್ನು ಎಡಕ್ಕೆ, ರಸ್ತೆಯಂಚಿನ ಗಟಾರಕ್ಕೆ ತಿರುಗಿಸಿದೆ. ಎರಡು ಚಕ್ರ ಗಟಾರಕ್ಕೆ ಇಳಿದು, ಕೆಂಪು ಕಲ್ಲಿನ ಗೋಡೆಗೆ ಬಂಪರ್ ಉಜ್ಜಿ ನಿಂತಿತು. ತಾಡಪಾಲಿನ ಹಗ್ಗ ಗಾಡಿಯ ಕನ್ನಡಿಗೆ ತಾಗಿತ್ತು. ಗಾಡಿಗೂ ಆ ಹೆಂಗಸರಿಗೂ ನಡುವೆ ಒಂದು ಮೊಳ, ಅಷ್ಟೇ.

ತಟ್ಟೆ ಹಿಡಿದವಳೇ ಮೊದಲು ಎದ್ದದ್ದು. ಬೈಯಲಿಲ್ಲ. ತಟ್ಟೆ ಕೆಳಗಿಟ್ಟು, ದೊಡ್ಡ ಕಲ್ಲುಗಳನ್ನು ಹೊತ್ತು ತಂದು ಟ್ರಾಲಿಯ ಗಾಲಿಗಳಿಗೆ ಒಡ್ಡಿದಳು. ಉಳಿದವರೂ ತಂದರು. ಆಮೇಲೆ ಬಾಗಿಲು ತೆಗೆದು ನನ್ನ ಕೈ ಹಿಡಿದು ಇಳಿಸಿದಳು. ಹುಲಿಗೆಮ್ಮ ಅಂತೆ, ಕೊಪ್ಪಳದ ಕಡೆಯವಳು.

“ನಡಗಾಕತ್ತಿ ಯವ್ವಾ,” ಎಂದಳು. “ಕೂಡು. ಮೊದಲ ನೀರ ಕುಡಿ.”

ಅವರ ತಾಡಪಾಲಿನ ಕೆಳಗೇ ಕೂತು ನೀರು ಕುಡಿದೆ. ಫೋನ್ ಮಾಡಿದ ಮೇಲೆ ಬೊಸ್ತ್ಯಾಂವ್ ಮಳೆಯಲ್ಲೇ ಓಡಾಡಿ ಮಧ್ಯಾಹ್ನಕ್ಕೆ ಟ್ರ್ಯಾಕ್ಟರ್ ತಂದ. ದೋಣಿ ಅದರ ಹಿಂದೆ ಹೋಯಿತು. ಹುಲಿಗೆಮ್ಮನಿಗೆ ನನ್ನದು ತಪ್ಪಾಯಿತು ಎಂದೆ. ಅವಳು ತಲೆಯಾಡಿಸಿ ಗುದ್ದಲಿ ತೆಗೆದುಕೊಂಡಳು.

ನಿನ್ನೆ ಇವರಿಗೆ ಹೇಳಲಿಲ್ಲ. ಇವತ್ತು ಬೆಳಿಗ್ಗೆ ಚಹಾ ಕೊಟ್ಟು, ಹಾಸಿಗೆ ಪಕ್ಕ ನೆಲದ ಮೇಲೆ ಕೂತು, ಮೊದಲಿನಿಂದ ಹೇಳಿದೆ. ಮೊದಲ ದಿನದ ಟ್ಯಾಕ್ಸಿ, ದೊಡ್ಡ ದೋಣಿ, ಅಳತೆ, ತಟ್ಟೆ, ಏನನ್ನೂ ಬಿಡಲಿಲ್ಲ. ಉಳಿದ ಒಂದು ದೋಣಿಗೆ ಶಿವಲಿಂಗನನ್ನು ಕರೆಸಿ, ನಾನು ಇನ್ನು ಹತ್ತುವುದಿಲ್ಲ ಎಂದೆ.

ಇವರು ಚಹಾದ ಲೋಟವನ್ನು ಪಕ್ಕಕ್ಕಿಟ್ಟರು.

“ಆ ದೋಣಿ ನಾನೂ ಒಮ್ಮೆ ಎಳದೇನಿ,” ಎಂದರು. “ಆರ ವರ್ಷ ಆತು. ಅದ ಇಳಿಜಾರ. ನಿಲ್ಲಲಿಲ್ಲ. ಎದುರಿಗೆ ಬಸ್ ಇತ್ತು. ಬಸ್ಸಿನಾವ ಪಕ್ಕಕ್ಕ ಎಳಕೊಂಡ, ಅದಕ್ಕ ಇವತ್ತ ಮಾತಾಡಾಕತ್ತೇನಿ.”

“ನನಗ ಯಾಕ ಹೇಳಲಿಲ್ರಿ?”

“ಹೇಳಿದ್ರ ಮರುದಿನ ಗಾಡಿ ಹತ್ತಾಕ ಬಿಡತಿದ್ದಿ ಏನ?”

ಬಿಡುತ್ತಿರಲಿಲ್ಲ. ಖರೇ.

“ಹೇಳಬೇಕಿತ್ತು,” ಎಂದರು. “ನಿನ್ನಿ ಆದದ್ದು ನಂದೂ ತಪ್ಪ ಐತಿ.” ಚಹಾ ಆರಿತ್ತು, ಹಾಗೇ ಕುಡಿದರು. ಲೋಟ ನನ್ನ ಕೈಗೆ ಕೊಡುವಾಗ, “ಶಿವಲಿಂಗ ಬ್ಯಾಡ. ಅವಂಗ ನಿನ್ನಷ್ಟ ಆ ರಸ್ತಾ ಗೊತ್ತಿಲ್ಲ,” ಎಂದರು.

ಇವರು ತಪ್ಪು ಎಂಬ ಮಾತನ್ನು ತಮಗೆ ಹಚ್ಚಿ ಆಡಿದ್ದನ್ನು ಇಷ್ಟು ವರ್ಷದಲ್ಲಿ ನಾನು ಕೇಳಿರಲಿಲ್ಲ. ಒಳಗೆ ಹೋಗಿ ಸುಮ್ಮನೆ ಹಿಟ್ಟು ನಾದಿದೆ.

ಮೇ 24, ಶನಿವಾರ

ಪರ್ವೇಜನಿಗೆ ತೋರಿಸಿದೆ. ಬಂಪರ್ ತರಚಿದ್ದು ಬಿಟ್ಟರೆ ಚಾಸಿಗೆ ಏನೂ ಆಗಿಲ್ಲ. ಚೀಲಗಳು ಗಟ್ಟಿಯಾಗಿವೆ. ಬ್ರೇಕಿನ ಲೈನರ್ ಸುಟ್ಟು ಕರಿಯಾಗಿತ್ತು, ಹೊಸದು ಹಾಕಿದ. ನಾನು ಆದದ್ದನ್ನೆಲ್ಲ ಹೇಳಿದೆ. ಅವನು ಕೈ ಒರೆಸಿಕೊಳ್ಳುತ್ತ ಕೇಳಿದ. ನಾನು ಹೇಳಿರಲಿಲ್ಲವೇ ಎನ್ನಬಹುದಿತ್ತು, ಅನ್ನಲಿಲ್ಲ.

“ಪಾಟಾ ಕುಂತ್ರ ಭಾರ ಜಾಸ್ತಿ ಆತು ಅಂತ ಕಣ್ಣಿಗೆ ಕಾಣತೈತ್ರಿ,” ಎಂದ. “ಚೀಲಾ ಅದನ್ನ ಎತ್ತಿ ಮುಚ್ಚಿಬಿಡತೈತಿ. ಅದಕ್ಕ ಗಾಳಿ ತುಂಬೂ ಮೊದ್ಲ ಒಮ್ಮಿ ಅಳೀರಿ. ಆ ಅಳತಿ ನಂಬ್ರಿ, ಆಮ್ಯಾಲಿಂದ ನಂಬಬ್ಯಾಡ್ರಿ.”

ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ದೊಡ್ಡದಾಗಿ ಬರೆದೆ: ಗಾಳಿ ಹಾಕುವ ಮೊದಲು ಹಿಂಭಾಗ ಎಪ್ಪತ್ತೊಂಬತ್ತಕ್ಕಿಂತ ಕೆಳಗೆ ಕೂತರೆ ಆ ದೋಣಿ ನನ್ನದಲ್ಲ.

ಬರುವಾಗ ಚಿಖಲಿಯ ಕಡೆಯಿಂದ ಬಂದು ಹುಲಿಗೆಮ್ಮನ ಗುಂಪಿಗೆ ಇಪ್ಪತ್ತು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ಅವರು ಅಷ್ಟರಲ್ಲಿ ಇನ್ನೂ ಕೆಳಗೆ ಅಗೆಯುತ್ತಿದ್ದರು. ರೊಟ್ಟಿ ಯಾವ ಜೋಳದ್ದು ಎಂದು ಹುಲಿಗೆಮ್ಮ ಕೇಳಿದಳು. ನಮ್ಮ ಕಡೆಯ ಬಿಳಿಜೋಳ ಎಂದೆ. ಮುರಿದು ಮೂಸಿ ನೋಡಿ, ಹೌದು ಎಂದಳು.

ಡಾಕ್ಟರು ಇವರಿಗೆ ಅರ್ಧ ತಾಸು ಕೂರಲು ಒಪ್ಪಿದ್ದಾರೆ, ಬೆಲ್ಟ್ ಕಟ್ಟಿಕೊಂಡು.

ಮೇ 26, ಸೋಮವಾರ

ಇದನ್ನು ಯಾರ್ಡಿನಲ್ಲಿ, ಗಾಡಿಯೊಳಗೆ ಕೂತು ಬರೆಯುತ್ತಿದ್ದೇನೆ. ಹೊರಗೆ ಮಳೆ.

ಬೆಳಿಗ್ಗೆ ಚಿಕ್ಕ ದೋಣಿಗೆ ಹೊರಟಾಗ ಇವರು ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಬರುತ್ತೇನೆ ಎಂದರು. ಚಂದವ್ವ ಬೈದಳು. ನಾನು ಚೀಲಗಳ ಗಾಳಿ ಇಳಿಸಿ, ಸೀಟಿನ ಮೇಲೆ ಕೌದಿ ಮಡಚಿ ಹಾಕಿ, ಬೊಗ್ಮಾಳೊ ತನಕ ಇಪ್ಪತ್ತರ ಮೇಲೆ ಹೋಗಲಿಲ್ಲ. ನಮ್ಮ ಓಣಿಯ ಗುಂಡಿಗಳಲ್ಲಿ ಇವರು ಎರಡೂ ಕೈಯಿಂದ ಸೀಟು ಹಿಡಿದಿದ್ದರು. ಗಾಡಿ ಏರಿತು, ಇಳಿಯಿತು, ಒಗೆಯಲಿಲ್ಲ. ಮುಖ್ಯ ರಸ್ತೆಗೆ ಬಂದ ಮೇಲೆ ಕೈ ಬಿಟ್ಟರು.

“ಮೆತ್ತಗೈತಿ,” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಮೊದ್ಲ ಹಾಕಸಬೇಕಿತ್ತು.”

ನಾನು ರಸ್ತೆ ನೋಡಿದೆ.

ಬೀಚಿನಲ್ಲಿ ಇಳಿಯಬೇಡಿ ಎಂದೆ, ಇಳಿಯಲಿಲ್ಲ. ಗಾಳಿ ಹಾಕುವ ಮೊದಲು ಹಿಂಭಾಗ ಅಳೆದು ಎಂಬತ್ತೆರಡು ಎಂದು ಕೂಗಿ ಹೇಳಿದೆ. ಕಿಟಕಿಯಿಂದ ಕೈ ಎತ್ತಿ ತೋರಿಸಿದರು. ಬೊಸ್ತ್ಯಾಂವ್ ಬಂದು ಇವರ ಕೈ ಕುಲುಕಿ, ಮುಂದಿನ ವರ್ಷ ದೊಡ್ಡ ದೋಣಿಗೆ ಏನು ಮಾಡೋಣ ಎಂದು ಇವರನ್ನು ಕೇಳಿದ. ಇವರು ನನ್ನ ಕಡೆ ನೋಡಿದರು. ಟ್ರ್ಯಾಕ್ಟರಿಗೆ ಈಗಲೇ ಹೇಳಿಡು ಎಂದು ನಾನು ಹೇಳಿದೆ.

ಏರಿನಲ್ಲಿ ಇವರ ಕಾಲುಗಳು ಸುಮ್ಮನಿರಲಿಲ್ಲ. ನಾನು ಕ್ಲಚ್ ಒತ್ತುವ ಮೊದಲೇ ಇವರ ಎಡಗಾಲು, ಬ್ರೇಕಿಗೆ ಮೊದಲೇ ಬಲಗಾಲು, ಕಾಲಡಿಯ ಚಾಪೆಯನ್ನು ಒತ್ತುತ್ತಿದ್ದವು. ನಗು ಬಂತು, ನಗಲಿಲ್ಲ. ವಿಮಾನ ನಿಲ್ದಾಣ ದಾಟಿದ ಮೇಲೆ ಮಳೆ ಹಿಡಿಯಿತು. ಇಳಿಜಾರಿನ ತಲೆಯಲ್ಲೇ ನಿಂತು ಒಂದನೇ ಗೇರು ಹಾಕಿದೆ. ಬ್ರೇಕನ್ನು ಮುಟ್ಟಿ ಬಿಟ್ಟು, ಮುಟ್ಟಿ ಬಿಟ್ಟು, ನಡೆಯುವವರ ವೇಗದಲ್ಲಿ ಇಳಿಸಿದೆ. ಹಿಂದೆ ಬಂದ ಕಾರುಗಳು ಹಾರ್ನ್ ಹಾಕಿದವು, ಹಾಕಲಿ. ಮೊದಲ ತಿರುವು, ಗೋಡೆ, ಗಟಾರ, ಎಲ್ಲ ದಾಟಿದವು. ಟ್ರಾಲಿ ಹೇಳಿದಂತೆ ಕೇಳಿತು. ಇವರು ಏನಾದರೂ ಹೇಳುತ್ತಾರೆ ಎಂದು ಕಾದೆ, ಒಂದು ಮಾತೂ ಇಲ್ಲ.

ಕೆಳಗೆ ಮಟ್ಟದ ರಸ್ತೆಗೆ ಬಂದ ಮೇಲೆ ತಿರುಗಿ ನೋಡಿದೆ. ತಲೆ ಕಿಟಕಿಗೆ ಒರಗಿಸಿ, ಬಾಯಿ ಸ್ವಲ್ಪ ತೆರೆದು, ಗಾಢ ನಿದ್ದೆ ಹೋಗಿದ್ದರು. ಕಾಲುಗಳು ಎತ್ತಲೋ ಚಾಚಿದ್ದವು.

ಡಾಕ್ಟರು ಹೇಳಿದ ಅರ್ಧ ತಾಸು ಮುಗಿದಿದೆ, ಆದರೆ ಸೀಟನ್ನು ಪೂರ್ತಿ ಹಿಂದಕ್ಕೆ ವಾಲಿಸಿದ್ದೇನೆ. ಯಾರ್ಡಿನವರು ದೋಣಿ ಇಳಿಸಲು ಬರುವ ತನಕ ಎಬ್ಬಿಸುವುದಿಲ್ಲ.